ಎರಡನೇ ಭಾಗದ ಬಾಗಿಲು

ಅಕ್ಕನಿಗೆ ಲಕ್ವಾ ಹೊಡೆದು, ಆಸ್ಪತ್ರೆಯಿಂದ ಸೊಲ್ಲಾಪುರದ ನಮ್ಮ ಮನೆಗೆ ಕರೆತಂದ ಮೇಲೆ, ನಾನು ಅವಳ ಜೊತೆ ಆಡಬಹುದಾದ ಮಾತನ್ನೆಲ್ಲ ಆಡಿ ಮುಗಿಸಿದ್ದೆ. ಮೈಂದರ್ಗಿಯ ಅವಳ ಹೊಲದಲ್ಲಿ ತೊಗರಿ ಹೇಗೆ ಬಂದಿದೆ, ಅಕ್ಕಲಕೋಟೆಗೆ ಕೊಟ್ಟ ಅವಳ ಮಗಳು ಯಾವ ಬಸ್ಸಿಗೆ ಬರುತ್ತಾಳೆ, ನಮ್ಮ ಚಾದರದ ಅಂಗಡಿಗೆ ಬಂದ ಗಿರಾಕಿ ಯಾವ ಬಣ್ಣ ಕೇಳಿ ಯಾವುದನ್ನು ಒಯ್ದ, ಎಲ್ಲ ಹೇಳಿದ್ದೆ. ಅವಳು ಛತ್ತು ನೋಡುತ್ತ ಮಲಗಿರುತ್ತಿದ್ದಳು. ಬಲಗಡೆಯ ಮೈ ಸತ್ತಿತ್ತು, ಮಾತು ಹೋಗಿತ್ತು. ಎಡಗೈಯಲ್ಲಿ ಜೀವವಿತ್ತು, ಆದರೆ ಅದನ್ನೂ ಅವಳು ಎತ್ತುತ್ತಿರಲಿಲ್ಲ. ಮೂಗಿನಲ್ಲಿ ನಳಿಗೆ ಹಾಕಿದ್ದರು, ಹೊಟ್ಟೆಗೆ ಹೋಗುವುದೆಲ್ಲ ಅದರಲ್ಲಿ.

ಮನೆಗೆ ಬಂದು ನೋಡಿಹೋಗುವ ಡಾಕ್ಟರು ಮರಾಠಿಯವರು. ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿ, "ಗಿಳತಾ ಯೇತಂಯ ತ್ಯಾಂನಾ, ಪಣ ಇಚ್ಛಾ ನಾಹೀ" ಎಂದರು. ನುಂಗಲು ಬರುತ್ತದೆ, ಮನಸ್ಸಿಲ್ಲ. ನಳಿಗೆಯ ಮೇಲೆ ಬಹಳ ದಿನ ಇಡುವುದು ಒಳ್ಳೆಯದಲ್ಲ, ಎದೆಗೆ ನೀರಿಳಿದು ಜ್ವರ ಬಂದರೆ ನಮ್ಮ ಕೈ ಮೀರಿ ಹೋಗುತ್ತದೆ, ಏನಾದರೂ ಮಾಡಿ ಬಾಯಿಂದ ನುಂಗುವಂತೆ ಮಾಡಿ, ಮಾತಾಡಿಸುತ್ತ ಇರಿ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು. ನನಗೆ ಮೈಯೆಲ್ಲ ಉರಿಯಿತು. ಮನಸ್ಸು ಬರಿಸುವ ಗುಳಿಗೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಅವರು ಚೀಟಿಯಲ್ಲಿ ಬರೆದಿರಲಿಲ್ಲ.

ಕಡೆಗೆ ಉಳಿದದ್ದು ಜಗಳ. ನಮ್ಮಿಬ್ಬರ ನಡುವೆ ಆಸ್ತಿಯ ಜಗಳವಿಲ್ಲ, ಸೀರೆ ಬಂಗಾರದ ಜಗಳವಿಲ್ಲ. ಇದ್ದ ಒಂದೇ ಜಗಳ ಒಂದು ಹಳೆಯ ಇಂಗ್ಲಿಷ್ ದೆವ್ವದ ಸಿನಿಮಾದ್ದು. ಅದರ ಎರಡನೇ ಭಾಗ ಒಳ್ಳೆಯದು ಎಂದು ಅಕ್ಕ, ಅದು ಸುಳ್ಳು ಎಂದು ನಾನು. ನನ್ನ ಲಂಗದ ದಿನಗಳಿಂದ ಕೂದಲು ಬೆಳ್ಳಗಾಗುವ ತನಕ ಇಬ್ಬರಲ್ಲಿ ಯಾರೂ ಒಂದು ಹೆಜ್ಜೆ ಹಿಂದೆ ಸರಿದಿರಲಿಲ್ಲ. ಮಂಚದ ಹತ್ತಿರ ಮುಕ್ಕಾಲಿ ಎಳೆದುಕೊಂಡು ಕೂತು ಶುರು ಮಾಡಿದೆ.

"ಅಕ್ಕಾ, ಆ ಎರಡನೇ ಭಾಗ ಶುದ್ಧ ಫಾಲತು ಬಿಡು. ದೆವ್ವ ಅಂದ್ರ ಅಂಜಿಕಿ ಬರಬೇಕು. ಅದು ಕೇಳಿದ್ರ ಆಕಳಿಕಿ ಬರ್ತದ."

ಅಕ್ಕ ಛತ್ತು ನೋಡುತ್ತಿದ್ದಳು. ಬೇರೆ ದಿನಗಳಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಅವಳು ನನ್ನ ಜಾತಕ ಬಿಚ್ಚಿ ಇಡುತ್ತಿದ್ದಳು. ನಾನು ಮತ್ತೊಂದು ಕಲ್ಲು ಎಸೆದೆ, ಮಗದೊಂದು ಎಸೆದೆ. ರೆಪ್ಪೆ ಕೂಡ ಅಲುಗಲಿಲ್ಲ. ಅವತ್ತು ಅಡಿಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಈ ಜಗಳ ತಿಳಿಯಬೇಕಾದರೆ ನಮ್ಮ ಅವ್ವನ ಸಾವಿನಿಂದಲೇ ಶುರು ಮಾಡಬೇಕು. ಅವ್ವ ಹೋದದ್ದು ನಾನು ಮೂರನೆಯ ಇಯತ್ತೆಯಲ್ಲಿದ್ದಾಗ, ಹೆರಿಗೆಯಲ್ಲಿ. ಕೂಸೂ ಉಳಿಯಲಿಲ್ಲ. ನಮ್ಮಲ್ಲಿ ಸುಡುವುದಿಲ್ಲ, ಕೂಡಿಸಿ ಮಣ್ಣು ಕೊಡುತ್ತಾರೆ. ಗಂಡಸರು ಮಣ್ಣು ಕೊಡಲು ಹೋದ ಮೇಲೆ ಅಪ್ಪನ ಅಕ್ಕ, ನಮ್ಮ ಅತ್ತೆ, ಬಾಗಿಲಿನಿಂದ ಓಣಿಯ ತಿರುವಿನ ತನಕ ಸಾಸಿವೆ ಚೆಲ್ಲಿ ಬಂದಳು. ಆಮೇಲೆ ಕಬ್ಬಿಣದ ಮೊಳೆಯೊಂದನ್ನು ಹೊಸ್ತಿಲಿಗೆ ಬಡಿಯತೊಡಗಿದಳು. ಬಾಣಂತಿ ಸತ್ತರೆ ಮಕ್ಕಳ ಆಸೆಗೆ ತಿರುಗಿ ಬರುತ್ತಾಳೆ, ಹೊಸ್ತಿಲಲ್ಲಿ ಮೊಳೆ ಇದ್ದರೆ ದಾಟಲಾರಳು ಎಂಬುದು ನಮ್ಮ ಕಡೆಯ ನಂಬಿಕೆ. ಅದನ್ನು ನಾನು ಕಣ್ಣಿಂದ ನೋಡಲಿಲ್ಲ. ಅಕ್ಕ ಹಿಂದಿನಿಂದ ಬಂದು ತನ್ನ ಅಂಗೈಯಿಂದ ನನ್ನ ಎರಡೂ ಕಣ್ಣು ಮುಚ್ಚಿದ್ದಳು. ಕಲ್ಲಿನಿಂದ ಮೊಳೆ ಬಡಿಯುವ ಸಪ್ಪಳ ಮಾತ್ರ ಕೇಳಿತು.

ಅತ್ತೆ ಕೆಟ್ಟವಳೆಂದು ನಾನು ಹೇಳುವುದಿಲ್ಲ. ಅವಳ ಅವ್ವ ಅವಳಿಗೆ ಕಲಿಸಿದ್ದನ್ನು ಅವಳು ಮಾಡಿದಳು. ನಮ್ಮಿಬ್ಬರನ್ನು ಕಾಪಾಡುತ್ತಿದ್ದೇನೆ ಎಂದೇ ತಿಳಿದಿದ್ದಳು. ಆದರೆ ಆ ಮೊಳೆ ಅಲ್ಲಿಯೇ ಉಳಿಯಿತು. ಅಪ್ಪನಿಗೆ ಗಂಡುಮಕ್ಕಳಿಲ್ಲದ್ದರಿಂದ ನನ್ನ ಗಂಡ ಮನೆ ಅಳಿಯನಾಗಿ ಬಂದರು, ನಾನು ಹುಟ್ಟಿದ ಮನೆಯಲ್ಲೇ ಸಂಸಾರ ಮಾಡಿದೆ. ಹೊಸ್ತಿಲಿಗೆ ಅರಿಶಿನ ಹಚ್ಚುವಾಗ ನನ್ನ ಬೆರಳು ತಾನಾಗಿಯೇ ಆ ಮೊಳೆಯನ್ನು ಬಳಸಿ ಹೋಗುತ್ತಿತ್ತು. ಅಷ್ಟು ವರ್ಷ ಅದನ್ನು ಯಾರೂ ಕೀಳಲಿಲ್ಲ, ಕೀಳಬಹುದು ಎಂದು ನನಗೂ ಹೊಳೆಯಲಿಲ್ಲ.

ಸಾವಾದ ಮನೆಯಲ್ಲಿ ವರ್ಷದೊಳಗೆ ಮದುವೆ ಮಾಡಬೇಕೆಂದು ಅದೇ ವರ್ಷ ಅಕ್ಕನನ್ನು ಮೈಂದರ್ಗಿಗೆ ಕೊಟ್ಟರು. ಭಾವನನ್ನು ನಾನು ಮಾಮಾ ಎಂದು ಕರೆಯುತ್ತಿದ್ದೆ. ದೊಡ್ಡ ಹೊಲಮನೆಯವರು, ಆದರೆ ಆತನ ಜೀವವೆಲ್ಲ ಸಿನಿಮಾದಲ್ಲಿ. ಸೊಲ್ಲಾಪುರದಲ್ಲಿ ಕಾಲೇಜು ಕಲಿಯುವಾಗ ಒಂದು ಮಾರ್ನಿಂಗ್ ಶೋ ಬಿಟ್ಟವರಲ್ಲ. ಆಗೆಲ್ಲ ಬೆಳಗಿನ ಆಟಕ್ಕೆ ಹಳೆಯ ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದರು, ಕಪ್ಪು-ಬಿಳುಪಿನವು, ಟಿಕೀಟು ಅಗ್ಗ. ಮದುವೆಯಾದ ಹೊಸತರಲ್ಲಿ ಮಾಮಾ ಅಕ್ಕನನ್ನು ಅಂಥ ಒಂದು ಆಟಕ್ಕೆ ಕರೆದೊಯ್ದರು. ಬಾಲಂಗೋಚಿಯ ಹಾಗೆ ನಾನೂ ಹೋದೆ.

ಅದು ಮೊದಲ ಭಾಗ. ಗುಡ್ಡದ ಮೇಲೊಂದು ಕೋಟೆಯಂಥ ಮನೆ, ಆ ಮನೆಯ ಒಡತಿಗೆ ಜ್ವರ ಬಂದು ಉಸಿರು ನಿಂತಂತಾಗುತ್ತದೆ. ಗಂಡ ಅವಳನ್ನು ಸತ್ತಳೆಂದು ನೆಲಮಾಳಿಗೆಯ ಕಲ್ಲಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿಬಿಡುತ್ತಾನೆ. ಅವಳು ಬದುಕಿರುತ್ತಾಳೆ. ಮುಚ್ಚಳ ಸರಿಸಿ ಒಂದು ಬೆರಳು ಹೊರಬರುವ ಹೊತ್ತಿಗೆ ಥೇಟರಿನಲ್ಲಿದ್ದ ಕಾಲೇಜು ಹುಡುಗರೂ ಕಾಲು ಮೇಲೆ ಎತ್ತಿಕೊಂಡಿದ್ದರು. ಅಕ್ಕನ ಅಂಗೈ ಆಗಲೂ ನನ್ನ ಕಣ್ಣ ಮೇಲೆ ಬಂತು. ಅದರಲ್ಲಿ ಶೇಂಗಾ ಮತ್ತು ಬಳೆಯ ವಾಸನೆ ಇತ್ತು. ಬೆರಳಿನ ಸಂದಿಯಿಂದ ನಾನು ಎಲ್ಲ ನೋಡಿದೆ. ಕಡೆಗೆ ಊರ ಮಂದಿ ಕೋಟೆಗೆ ಬೆಂಕಿ ಹಚ್ಚುತ್ತಾರೆ, ಹೆಂಗಸು ಹೊಗೆಯಲ್ಲಿ ಕಾಣದಂತಾಗುತ್ತಾಳೆ.

ಹೊರಗೆ ಬಂದ ಮೇಲೆ ನಾನು ಕೇಳಿದೆ, "ಅಕ್ಕಾ, ನಮ್ಮವ್ವನೂ ಹಿಂಗ ಬರ್ತಾಳೇನು?" ಮಾಮಾ ನನಗೆ ಐಸ್‌ಫ್ರೂಟ್ ಕೊಡಿಸಿದರು. ಮನೆಗೆ ಬಂದ ಮೇಲೆ ನನಗೆ ಜ್ವರ ಬಂತು, ಅತ್ತೆ ಮಾಮಾನಿಗೆ ಕೇಳುವಂತೆಯೇ ಸಿನಿಮಾದವರ ವಂಶಕ್ಕೆಲ್ಲ ಶಾಪ ಹಾಕಿದಳು. ಇನ್ನು ಈ ಹುಡುಗಿ ಥೇಟರಿನ ಮೆಟ್ಟಿಲು ಹತ್ತಕೂಡದು ಎಂದು ಹುಕುಮಾಯಿತು.

ಹಾಗಾಗಿ ಎರಡನೇ ಭಾಗ ಬಂದಾಗ ಅಕ್ಕ ಮತ್ತು ಮಾಮಾ ಇಬ್ಬರೇ ಹೋದರು. ನಾನು ಬಾಗಿಲಲ್ಲಿ ಕೂತು ಕಾದೆ. ನಮ್ಮ ಮನೆಗಳಲ್ಲಿ ಆಗ ಒಂದು ರೂಢಿ ಇತ್ತು. ಸಿನಿಮಾಕ್ಕೆ ಹೋಗುವ ಭಾಗ್ಯ ಒಬ್ಬಿಬ್ಬರಿಗೆ ಮಾತ್ರ. ಹೋದವರು ಬಂದು ರೊಟ್ಟಿ ಬಡಿಯುವ ಹೊತ್ತಿಗೆ ಉಳಿದ ಹೆಂಗಸರಿಗೆಲ್ಲ ಅದನ್ನು ಮೊದಲಿನಿಂದ ಹೇಳಬೇಕು. ಅಟ್ಟದ ಮೇಲಿಡುವ ಕಡಕ್ ರೊಟ್ಟಿ ಬಡಿಯುವ ದಿನವಾದರೆ ಕಥೆಯೂ ಉದ್ದ. ಹೀಗೆ ಕೇಳಿದ ಸಿನಿಮಾವನ್ನು ನಾವು ನೋಡಿದ ಸಿನಿಮಾ ಎಂದೇ ಲೆಕ್ಕ ಹಿಡಿಯುತ್ತಿದ್ದೆವು. ಅದು ಹೇಗಿದೆ, ಹೀಗಿರಬೇಕಿತ್ತು ಎಂದು ಅಭಿಪ್ರಾಯವನ್ನೂ ಕೊಡುತ್ತಿದ್ದೆವು. ನಮ್ಮ ಓಣಿಯ ಎಷ್ಟೋ ಹೆಂಗಸರು ಥೇಟರನ್ನೇ ನೋಡದೆ ಸಿನಿಮಾ ಬಗ್ಗೆ ಜಗಳ ಕಾದಿದ್ದಾರೆ.

ಅಕ್ಕ ಹಿಟ್ಟು ನಾದುತ್ತ ಹೇಳಿದಳು. ಆ ಸುಟ್ಟ ಹೆಂಗಸು ಸತ್ತಿರುವುದಿಲ್ಲ. ಅವಳಿಗೊಬ್ಬ ಮಗ ಇರುತ್ತಾನೆ, ಕೂಸಿದ್ದಾಗಲೇ ಅವನನ್ನು ದೂರದ ಹಿಟ್ಟಿನ ಗಿರಣಿಯಲ್ಲಿ ಯಾರೋ ಸಾಕಿಕೊಂಡಿರುತ್ತಾರೆ. ಅವಳು ಮಂಜಿನಲ್ಲಿ ಊರೂರು ದಾಟಿ ಮಗನನ್ನು ಹುಡುಕುತ್ತ ಬರುತ್ತಾಳೆ.

"ಮಂದಿ ಎಲ್ಲಾ ಆಕಿನ್ನ ನೋಡಿ ಬಾಗಲಾ ಹಾಕ್ಕೊಂಡ್ರು" ಎಂದಳು ಅಕ್ಕ. "ಆಕಿ ಯಾರ ಮನಿಗಿನೂ ಹೋಗಲಿಲ್ಲ. ಸೀದಾ ಗಿರಣಿಗಿ ಬಂದ್ಲು. ಬಾಗಲಾ ಬಡದ್ಲು."

"ಹುಡುಗ ಏನ ಮಾಡ್ದ?" ನಾನು ಹಂಚಿನ ಹತ್ತಿರಕ್ಕೆ ಸರಿದಿದ್ದೆ.

ಅಕ್ಕ ರೊಟ್ಟಿ ಮಗುಚಿದಳು. "ಹುಡುಗ ಎದ್ದ, ಬಾಗಲಾ ತಗದ. ಬಾ ಅವ್ವಾ, ಥಂಡ್ಯಾಗ ಯಾಕ ನಿಂತಿ, ಒಳಗ ಬಾ ಅಂದ. ಒಲಿ ಮುಂದ ಕುಂಡರಿಸಿ ರೊಟ್ಟಿ ಕೊಟ್ಟ."

"ಇಂಗ್ಲಿಷ್ ದೆವ್ವಕ್ಕ ರೊಟ್ಟಿ?"

"ಹಸದಾಕಿಗಿ ಏನ್ ಕೊಟ್ರೂ ನಡೀತದ."

ಎಲ್ಲರೂ ನಕ್ಕರು. ಅತ್ತೆ ಮಾತ್ರ ಕೈಯಲ್ಲಿದ್ದ ಹಿಟ್ಟಿನ ಉಂಡೆ ಅಲ್ಲಿಯೇ ಬಿಟ್ಟು ಎದ್ದುಹೋದಳು. ಕಟ್ಟಿಗೆ ತರಲು ಹೋದಳೆಂದು ತಿಳಿದೆ. ಬಹಳ ಹೊತ್ತು ಬರಲಿಲ್ಲ, ಬಂದಾಗ ಕೈಯಲ್ಲಿ ಕಟ್ಟಿಗೆಯೂ ಇರಲಿಲ್ಲ.

ಅವತ್ತಿನಿಂದ ಜಗಳ. ನನ್ನ ವಾದ ಸರಳವಾಗಿತ್ತು. ಮೊದಲ ಭಾಗದಲ್ಲಿ ಕಲ್ಲಿನ ಪೆಟ್ಟಿಗೆ ಇದೆ, ತಾನಾಗಿ ಆರುವ ಮೇಣದ ಬತ್ತಿ ಇದೆ, ಕತ್ತಲೆ ಇದೆ. ದೆವ್ವ ಏನು ಮಾಡುತ್ತದೋ ಗೊತ್ತಿಲ್ಲದ್ದರಿಂದ ಭಯ. ಎರಡನೆಯದರಲ್ಲಿ ದೆವ್ವಕ್ಕೆ ಮಗ, ಮಗನಿಗೆ ಮಮತೆ, ಕಡೆಗೆ ಊಟೋಪಚಾರ. ಅದಕ್ಕೆ ದೆವ್ವದ ಸಿನಿಮಾ ಯಾಕೆ ಬೇಕು, ಬೀಗರ ಮನೆಗೆ ಹೋದರೆ ಸಾಕಲ್ಲ? ಮೊದಲನೆಯದು ಚೆನ್ನಾಗಿ ಓಡಿತೆಂದು ಎರಡನೆಯದನ್ನು ಎಳೆದು ಕಟ್ಟಿದ್ದಾರೆ ಎಂದು ನಾನು ಮೊದಲಿನಿಂದಲೂ ಹೇಳುತ್ತ ಬಂದೆ. ಆಮೇಲೆ ಟೀವಿಯಲ್ಲಿ ಬಂದ ಎಷ್ಟೋ ಎರಡನೇ ಭಾಗಗಳನ್ನು ಸಾಕ್ಷಿಗೆ ತಂದೆ.

ಅಕ್ಕನ ವಾದಕ್ಕೆ ಸಾಕ್ಷಿ ಇರಲಿಲ್ಲ, ಸಿಟ್ಟು ಇತ್ತು. "ಮೊದಲನೇದರಾಗ ಬರೀ ಹೊಗಿ, ಬರೀ ಚೀರಾಟ" ಎನ್ನುವಳು. "ಆಕಿ ಯಾಕ ಬರ್ತಾಳ ಅಂತ ಎರಡನೇದರಾಗ ಗೊತ್ತಾಗ್ತದ. ನಿನಗ ಕರುಳೇ ಇಲ್ಲ, ನಿನಗೇನ್ ತಿಳೀತದ." ಒಮ್ಮೆ ಹೋಟಗಿಯ ಸ್ಟೇಶನ್ನಿನಲ್ಲಿ ಗಾಡಿ ತಡವಾಗಿ, ನಾವಿಬ್ಬರೂ ಬೆಂಚಿನ ಮೇಲೆ ಕೂತು ಇದೇ ಜಗಳ ಹಚ್ಚಿದೆವು. ಸುಟ್ಟ ಹೆಂಗಸನ್ನು ಒಳಗೆ ಕರೆಯಬೇಕಿತ್ತೋ ಬೇಡವೋ ಎಂದು ಇಬ್ಬರು ಕೈ ಬೀಸಿ ಮಾತಾಡುವುದನ್ನು ಕೇಳಿ, ಪಕ್ಕದಲ್ಲಿದ್ದ ಹೆಂಗಸು ನಿಮ್ಮ ಸೊಸೆಗೆ ಏನಾಯಿತು ತಾಯಿ ಎಂದು ಮರಾಠಿಯಲ್ಲಿ ಕೇಳಿದಳು. ನಗು ತಡೆಯಲಾರದೆ ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಾಮಾನನ್ನು ನ್ಯಾಯ ಹೇಳಿ ಎಂದರೆ, "ಅವತ್ತ ನಾ ನಿದ್ದಿ ಮಾಡಿದ್ಯಾ" ಎಂದು ಜಾರಿಕೊಳ್ಳುತ್ತಿದ್ದರು. ಸಿನಿಮಾದಲ್ಲಿ ಆತ ನಿದ್ದೆ ಮಾಡುವುದೆಂದರೆ ಸೂರ್ಯ ಪಡುವಣದಲ್ಲಿ ಹುಟ್ಟಿದ ಹಾಗೆ, ಆದರೂ ನಾನು ಅದನ್ನು ನಂಬಿದೆ. ಮಾಮಾ ತೀರಿಕೊಂಡು ಕೆಲವು ವರ್ಷವಾಯಿತು.

ಈಗ ಆ ಅಕ್ಕ ಛತ್ತು ನೋಡುತ್ತ ಮಲಗಿದ್ದಳು, ದಿನದಿಂದ ದಿನಕ್ಕೆ ಹಾಸಿಗೆಗೆ ಅಂಟಿ ಹೋಗುತ್ತಿದ್ದಳು. ಚಮಚದಲ್ಲಿ ಅಂಬಲಿ ತುಟಿಗೆ ಹಚ್ಚಿದರೆ ಹಲ್ಲು ಕಚ್ಚುತ್ತಿದ್ದಳು. ಗಲ್ಲದಿಂದ ಇಳಿದು ಕುತ್ತಿಗೆಗೆ ಹೋದದ್ದನ್ನು ಒರೆಸುತ್ತ ನಾನು ಬೈದೆ, ಕಾಲು ಹಿಡಿದೆ, ಸಿದ್ಧರಾಮನಿಗೆ ಹರಕೆ ಹೊತ್ತೆ. ಅವ್ವ ಹೋದ ಮೇಲೆ ನನಗೆ ಅವ್ವನಾಗಿದ್ದವಳು ಇವಳು. ಇವಳೂ ಹೀಗೆ ಬಾಯಿ ಮುಚ್ಚಿಕೊಂಡು ಹೋದರೆ ನಾನು ಯಾರ ಹತ್ತಿರ ಜಗಳ ಆಡಲಿ? ನನ್ನ ಗಂಡ ಒಳ್ಳೆಯವರು, ಆದರೆ ನಾನು ಏನಂದರೂ ಹೌದು ಎನ್ನುತ್ತಾರೆ.

ಭಾನುವಾರ ಅಕ್ಕಲಕೋಟೆಯಿಂದ ಅಕ್ಕನ ಮಗಳು ಬಂದಾಗ ಆ ಸಿನಿಮಾ ಮೊಬೈಲಿನಲ್ಲಿ ಸಿಗುತ್ತದೇನು ನೋಡು ಎಂದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಮಾತೂ ಅರ್ಧ ಮರಾಠಿ, ಆದರೆ ಮೊಬೈಲಿನಲ್ಲಿ ಅವಳ ಬೆರಳು ಮೀನಿನ ಹಾಗೆ ಓಡುತ್ತದೆ.

"ಹೆಸರ ಏನ ಮಾವಶಿ?"

"ಹೆಸರ ಯಾರಿಗಿ ಗೊತ್ತ. ಇಂಗ್ಲಿಷ್ ಅದ. ಸುಟ್ಟ ಹೆಂಗಸು, ಹಿಟ್ಟಿನ ಗಿರಣಿ, ಮಗ."

ಅವಳು ಅದನ್ನೇ ಬರೆದು ಹುಡುಕಿದಳು. ಯಾವ್ಯಾವುವೋ ಬಂದವು. ಒಂದರಲ್ಲಿ ಗಿರಣಿ ಇತ್ತು, ಹೆಂಗಸು ಇರಲಿಲ್ಲ. ಇನ್ನೊಂದು ಬಣ್ಣದ್ದು. ಕಡೆಗೆ ಗುಡ್ಡದ ಮೇಲಿನ ಆ ಕೋಟೆ ಮನೆ ಕಂಡಾಗ ನಾನು ಮೊಬೈಲನ್ನು ಕಣ್ಣ ಹತ್ತಿರಕ್ಕೆ ಎಳೆದುಕೊಂಡೆ. ಎರಡನೇ ಭಾಗದ ಕೆಳಗೆ ನೋಡಿದವರು ಬರೆದ ಅಭಿಪ್ರಾಯಗಳು ಸಾಲಾಗಿ ಇದ್ದವು. ಜಗತ್ತಿನಲ್ಲಿ ನಮ್ಮ ಜಗಳ ಆಡುವವರು ಇಷ್ಟೊಂದು ಜನ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಹುಡುಗಿ ಒಂದೊಂದನ್ನೇ ಓದಿ ತಿರುಗಿಸಿ ಹೇಳಿದಳು. ಮೊದಲನೆಯದಕ್ಕಿಂತ ಎರಡನೆಯದೇ ಮೇಲು ಎಂದು ಹೆಚ್ಚಿನವರು. ನಾನು ಮುಖ ಗಂಟಿಕ್ಕಿದೆ. ಆ ಬಾಗಿಲಿನ ದೃಶ್ಯ ನೋಡಿ ಅತ್ತುಬಿಟ್ಟೆ ಎಂದು ಒಬ್ಬರು. ಆ ಬಾಗಿಲು ಇವತ್ತಿಗೂ ಕನಸಿನಲ್ಲಿ ಬರುತ್ತದೆ ಎಂದು ಇನ್ನೊಬ್ಬರು. ಇಷ್ಟು ಕ್ರೂರವಾದ ಕೊನೆಯನ್ನು ನಾನು ಬೇರೆಲ್ಲೂ ನೋಡಿಲ್ಲ ಎಂದು ಮತ್ತೊಬ್ಬರು.

"ಹುಚ್ಚ ಮಂದಿ" ಎಂದೆ. "ರೊಟ್ಟಿ ಕೊಟ್ರ ಕ್ರೂರ ಏನ ಬಂತು?"

ಹುಡುಗಿ ನಕ್ಕು, ಮೊಬೈಲನ್ನು ನನ್ನ ಹತ್ತಿರವೇ ಬಿಟ್ಟು, ಔಷಧಿ ತರಲು ಹೋದಳು.

ಮಧ್ಯಾಹ್ನದ ಹೊತ್ತು. ನನ್ನ ಗಂಡ ಒಳಗೆ ಮಲಗಿದ್ದರು. ನಾನು ಅಕ್ಕನ ತಲೆಯ ಕೆಳಗೆ ಇನ್ನೊಂದು ದಿಂಬು ಕೊಟ್ಟು, ಅವಳ ಎಡಗಡೆಗೆ ಮಂಚದ ಮೇಲೇ ಹತ್ತಿ ಕೂತು, ಇಬ್ಬರಿಗೂ ಕಾಣುವಂತೆ ಮೊಬೈಲು ಹಿಡಿದೆ. "ನೋಡು, ಇವತ್ತ ಫೈಸ್ಲಾ ಆಗೇ ಬಿಡಲಿ" ಎಂದೆ. ಅವಳ ಕಣ್ಣು ಛತ್ತಿನಿಂದ ಇಳಿಯಿತು. ಅಷ್ಟಕ್ಕೇ ನಾನು ಹಿಗ್ಗಿದೆ.

ಸಿನಿಮಾ ಅಕ್ಕ ಹೇಳಿದ ಹಾಗೆಯೇ ನಡೆಯುತ್ತಿತ್ತು. ಮಂಜು ಇತ್ತು. ಊರಿನವರು ಬಾಗಿಲು ಹಾಕಿಕೊಂಡರು. ಒಪ್ಪಬೇಕಾದ ಮಾತೆಂದರೆ ಆ ಹೆಂಗಸು ನಡೆಯುವ ರೀತಿಯೇ ನನ್ನನ್ನು ಹಿಡಿದು ಕೂರಿಸಿತು. ಅವಳು ಯಾರನ್ನೂ ಹೆದರಿಸುತ್ತಿರಲಿಲ್ಲ. ಎಳೆಗೂಸಿನ ಬಟ್ಟೆಯ ತುಂಡೊಂದನ್ನು ಕೈಯಲ್ಲಿ ಹಿಡಿದು, ದಾರಿ ತಪ್ಪಿದ ಮುದುಕಿಯ ಹಾಗೆ ಪ್ರತಿ ಮನೆಯ ಮುಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಗಿರಣಿ ಬಂತು. ಅವಳು ಬಾಗಿಲು ಬಡಿದಳು. ಒಳಗೆ ಹುಡುಗ ಎದ್ದ.

ಆಗ ಅಕ್ಕನ ಎಡಗೈ ಮೇಲೆ ಬಂತು.

ಎಷ್ಟೋ ದಿನದಿಂದ ಹಾಸಿಗೆ ಬಿಡದ ಕೈ ಅದು. ಮೆಲ್ಲಗೆ ಎದ್ದು, ದಾರಿ ತಪ್ಪಿ ನನ್ನ ಭುಜಕ್ಕೆ ತಾಗಿ, ಕುತ್ತಿಗೆ ತಡವಿ, ಗಲ್ಲ ತಡವಿ, ನನ್ನ ಕಣ್ಣ ಮೇಲೆ ಬಂದು ಕೂತಿತು. ಅಂಗೈ ತಣ್ಣಗಿತ್ತು, ಔಷಧಿಯ ವಾಸನೆ ಹೊಡೆಯುತ್ತಿತ್ತು. ಖುಷಿಯಿಂದ ಕಿರುಚಿ ಗಂಡನನ್ನು ಕರೆಯಬೇಕು ಎನ್ನುವಷ್ಟರಲ್ಲಿ ಮೊಬೈಲಿನೊಳಗಿಂದ ಸಪ್ಪಳ ಶುರುವಾಯಿತು. ಮೊಳೆ ಬಡಿಯುವ ಸಪ್ಪಳ.

ಅರವತ್ತರ ಹತ್ತಿರ ಬಂದವಳು ನಾನು, ಆದರೂ ಬೆರಳಿನ ಸಂದಿಯಿಂದ ನೋಡುವ ಚಾಳಿ ಬಿಟ್ಟಿರಲಿಲ್ಲ. ಹುಡುಗ ಬಾಗಿಲು ತೆಗೆಯಲಿಲ್ಲ. ಒಳಗಿನಿಂದ ಹಲಗೆ ಅಡ್ಡ ಇಟ್ಟು ಮೊಳೆ ಬಡಿಯುತ್ತಿದ್ದ. ಅಳುತ್ತ ಬಡಿಯುತ್ತಿದ್ದ. ಹೊರಗೆ ಅವಳು ಬಡಿಯುವುದನ್ನು ನಿಲ್ಲಿಸಿದಳು. ಸಪ್ಪಳ ಯಾವುದರದೆಂದು ಅವಳಿಗೆ ತಿಳಿಯಿತು. ಮೆಟ್ಟಿಲ ಮೇಲೆ ಕೂತುಕೊಂಡಳು, ಬಟ್ಟೆಯ ತುಂಡನ್ನು ಹೊಸ್ತಿಲ ಹತ್ತಿರ ಮಡಚಿ ಇಟ್ಟಳು. ಬೆಳಗಾಗುವ ಹೊತ್ತಿಗೆ ಅವಳ ಮೇಲೆಲ್ಲ ಮಂಜು ಬಿದ್ದಿತ್ತು.

ರೊಟ್ಟಿ ಇರಲಿಲ್ಲ. ಒಲೆ ಇರಲಿಲ್ಲ. ಬಾ ಅವ್ವಾ ಎಂದು ಯಾರೂ ಅನ್ನಲಿಲ್ಲ.

ಇದನ್ನು ನೋಡಿ ಬಂದು, ಅತ್ತೆ ಎದುರಿಗೆ ಕೂತಿದ್ದ ಅಡಿಗೆಮನೆಯಲ್ಲಿ, ಅವ್ವ ಬರುತ್ತಾಳೇನು ಎಂದು ಕೇಳಿದ್ದ ತಂಗಿಗೆ ಅಕ್ಕ ಆ ಕಥೆ ಹೇಳಿದ್ದಳು. ಆಗ ಅವಳೂ ಹುಡುಗಿಯೇ. ಅವಳ ಅವ್ವನೂ ಸತ್ತಿದ್ದಳು, ಆ ಮೊಳೆಯನ್ನು ಅವಳು ಕಣ್ಣಾರೆ ನೋಡಿದ್ದಳು. ಅವಳ ಕಣ್ಣು ಮುಚ್ಚಲು ಯಾರೂ ಇರಲಿಲ್ಲ. ರೊಟ್ಟಿ ಮಗುಚುವಷ್ಟು ಹೊತ್ತಿನಲ್ಲಿ ಅವಳು ಬಾಗಿಲು ತೆಗೆಸಿದಳು, ಹೆಂಗಸನ್ನು ಒಳಗೆ ಕರೆಸಿ ಒಲೆಯ ಮುಂದೆ ಕೂರಿಸಿದಳು. ನಾನು ಅದನ್ನೇ ಹಿಡಿದುಕೊಂಡು ಜೀವನವಿಡೀ ಅವಳನ್ನು ಹಂಗಿಸಿದೆ. ಒಂದು ಸಲವಾದರೂ, ಅದು ಸುಳ್ಳು, ನಿನ್ನ ಸಲುವಾಗಿ ಹೇಳಿದೆ ಎಂದು ಬಾಯಿಬಿಡಲಿಲ್ಲ. ಮಾಮಾನನ್ನೂ ನಿದ್ದೆ ಮಾಡಿಸಿಬಿಟ್ಟಳು. ಮಾತು ಹೋಗಿ, ಮೈ ಹೋಗಿ, ಉಣ್ಣುವ ಮನಸ್ಸೂ ಹೋದ ಮೇಲೆ, ಅವಳಲ್ಲಿ ಉಳಿದಿದ್ದ ಶಕ್ತಿಯೆಲ್ಲ ನನ್ನ ಕಣ್ಣು ಮುಚ್ಚಲು ಎದ್ದುಬಂದಿತ್ತು.

ನಾನು ಮೊಬೈಲು ಮಗುಚಿ ಹಾಕಿದೆ. ಅವಳ ಕೈಯನ್ನು ನನ್ನ ಕಣ್ಣಿನಿಂದ ತೆಗೆಯಲಿಲ್ಲ, ಅಂಗೈ ಒದ್ದೆಯಾಗುವುದು ಅವಳಿಗೆ ತಿಳಿಯುತ್ತಿತ್ತು.

"ನಾ ಏನೂ ನೋಡಲಿಲ್ಲಕ್ಕಾ" ಎಂದೆ. "ನೀ ಕಣ್ಣ ಮುಚ್ಚಿದ್ದಿ. ಹುಡುಗ ಬಾಗಲಾ ತಗದನಲ್ಲ?"

ಕೈ ತಾನಾಗಿ ಜಾರಿ ನನ್ನ ತೊಡೆಯ ಮೇಲೆ ಬಿತ್ತು. ಅವಳು ನನ್ನನ್ನು ನೋಡುತ್ತಿದ್ದಳು, ಛತ್ತನ್ನಲ್ಲ.

"ಒಳಗ ಕರದು ರೊಟ್ಟಿ ಕೊಟ್ಟ" ಎಂದೆ. "ಚಲೋ ಅದ ಅಕ್ಕಾ ಎರಡನೇ ಭಾಗ. ಮೊದಲನೇದಕ್ಕಿಂತ ಚಲೋ ಅದ. ನಾನ ಸೋತ್ಯಾ."

ಎದ್ದುಹೋಗಿ ಅಂಬಲಿ ತಂದೆ. ಚಮಚ ತುಟಿಗೆ ತಾಗಿಸಿದಾಗ ಅವಳು ಹಲ್ಲು ಕಚ್ಚಲಿಲ್ಲ. ಬಾಯಿ ಸ್ವಲ್ಪ ತೆರೆಯಿತು. ಗಂಟಲು ಏರಿ ಇಳಿಯಿತು. ಬಟ್ಟಲಿನ ಅರ್ಧದಷ್ಟು ಹೀಗೆ ಹೋಯಿತು. ನಾನು ಅಳುತ್ತಲೇ ಉಣಿಸಿದೆ, ಅವಳು ಅದನ್ನು ನೋಡುತ್ತಲೇ ನುಂಗಿದಳು.

ಸಂಜೆ ದೀಪ ಹಚ್ಚುವ ಮೊದಲು ನಾನು ಅಂಗಡಿಯ ಇಕ್ಕಳ ತಂದು ಹೊಸ್ತಿಲ ಹತ್ತಿರ ಕೂತೆ. ಗಂಡ ಬಂದು ಏನು ಮಾಡುತ್ತಿದ್ದೀ ಎಂದರು, ನಾನು ಇಕ್ಕಳದ ಬಾಯಿ ಮೊಳೆಗೆ ಕೂಡಿಸಿದೆ. ಜೋರು ಹಾಕಬೇಕಾಗುತ್ತದೆ, ಮುರಿಯುತ್ತದೆ ಎಂದುಕೊಂಡಿದ್ದೆ. ಒಂದೇ ಎಳೆತಕ್ಕೆ ಮೊಳೆ ಕೈಗೆ ಬಂತು. ಎಂದೋ ತುಕ್ಕು ತಿಂದು ಸಡಿಲವಾಗಿ, ಬರೀ ಮೆತ್ತಿದ ಅರಿಶಿನದಲ್ಲಿ ನಿಂತಿತ್ತು. ಅದು ನನ್ನನ್ನು ಇನ್ನೂ ಸುಟ್ಟಿತು. ಇಷ್ಟು ವರ್ಷ ನಾವು ಅವ್ವನನ್ನು ಹೊರಗೆ ನಿಲ್ಲಿಸಿದ್ದು ಇದರ ಬಲದ ಮೇಲೆ. ಅದನ್ನು ತಂದು ಅಕ್ಕನಿಗೆ ತೋರಿಸಿದೆ. ಅವಳು ಮೊಳೆಯನ್ನು ನೋಡಲಿಲ್ಲ. ಬಾಗಿಲ ಕಡೆ ನೋಡಿದಳು, ಕತ್ತಲಾಗುವ ತನಕ ನೋಡಿದಳು. ಅವತ್ತು ಮಲಗುವ ತನಕ ನಾನು ಬಾಗಿಲು ಹಾಕಲಿಲ್ಲ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಸರಿಹೋಗಲಿಲ್ಲ. ಕೆಲವು ದಿನ ಅವಳು ಬಾಯಿಂದ ಉಂಡಳು, ಡಾಕ್ಟರು ನಳಿಗೆ ತೆಗೆದರು, ನಾನು ಓಣಿಗೆಲ್ಲ ಪೇಢೆ ಹಂಚಿದೆ. ಆಮೇಲೆ ಡಾಕ್ಟರು ಹೆದರಿದ್ದ ಅದೇ ಜ್ವರ ಬಂತು. ಎದೆ ಗೊರಗೊರ ಎನ್ನತೊಡಗಿತು. ಕೈ ಮತ್ತೆ ಎದ್ದೀತೆಂದು ನಾನು ಅದನ್ನು ಹಿಡಿದುಕೊಂಡೇ ಕೂತಿದ್ದೆ. ನನ್ನ ಕಣ್ಣ ಮೇಲೆ ನಾನೇ ತಂದು ಇಟ್ಟುಕೊಂಡೂ ನೋಡಿದೆ. ಏಳಲಿಲ್ಲ. ಒಂದು ಮಾತೂ ಆಡದೆ ಅವಳು ಹೋದಳು. ಮೈಂದರ್ಗಿಯ ಹೊಲದಲ್ಲಿ ಮಾಮಾನ ಪಕ್ಕದಲ್ಲಿ ಕೂಡಿಸಿದರು.

ಕ್ರಿಯಾಕರ್ಮ ಮುಗಿದ ಮೇಲೆ ಒಂದು ದಿನ ಅವಳ ಮಗಳು ಮೈಂದರ್ಗಿಯ ಅಡಿಗೆಮನೆಯಲ್ಲಿ ನನ್ನ ಎದುರಿಗೆ ಕೂತಿದ್ದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಅತ್ತು ಅತ್ತು ಅವಳ ಮುಖ ಬಾತುಹೋಗಿತ್ತು. ಚೆಲ್ಲಿದ ಹಿಟ್ಟಿನಲ್ಲಿ ಬೆರಳಾಡಿಸುತ್ತ ಕೇಳಿದಳು.

"ಮಾವಶಿ, ಅವತ್ತ ಆಯಿಗಿ ತೋರಿಸಿದ್ಯೆಲ್ಲ, ಆ ಪಿಕ್ಚರ್ ನಾ ಪೂರ್ತಿ ನೋಡ್ಲಿಲ್ಲ. ಕಡೀಕ ಏನಾಯ್ತು?"

ನಾನು ರೊಟ್ಟಿ ಮಗುಚಿದೆ.

"ಹುಡುಗ ಬಾಗಲಾ ತಗದ" ಎಂದೆ. "ಬಾ ಅವ್ವಾ, ಥಂಡ್ಯಾಗ ಯಾಕ ನಿಂತಿ ಅಂದ. ಒಲಿ ಮುಂದ ಕುಂಡರಿಸಿ ರೊಟ್ಟಿ ಕೊಟ್ಟ."

ಅವಳು ಮೂಗು ಒರೆಸಿಕೊಂಡಳು. "ಹಂಗಾದ್ರ ಅಂಜಿಕಿ ಏನ ಬಂತು ಮಾವಶಿ? ಇದೇನ್ ಭೂತಾಚಾ ಪಿಕ್ಚರ್. ಮೊದಲನೇದ ಚಲೋ ಇರಬೇಕು."

"ನಿನಗೇನ್ ತಿಳೀತದ" ಎಂದೆ. "ಎರಡನೇದ ಚಲೋ."